ಪೂಜೆಗೆ ಕೂತ ಕಂಪ್ಯೂಟರು

ಹೋದ ವರ್ಷದವರೆಗೂ ಆಯುಧಪೂಜೆ ಅಂದರೆ ನನಗೆ ಯುಗಾದಿಗಿಂತ ದೊಡ್ಡ ಹಬ್ಬ. ಡ್ರೈವರಿಗೆ ಇನ್ಯಾವ ಹಬ್ಬ ಹೇಳಿ? ಈ ವರ್ಷ ಜೀಪಿಗೆ ಒಂದು ಚೊಂಬು ನೀರನ್ನೂ ಸೋಕಿಸಲಿಲ್ಲ. ಗ್ಯಾರೇಜಿನ ಕರಿಯಯ್ಯ, “ಏನ್ಲಾ ರಂಗಸ್ವಾಮಿ, ದ್ಯಾವ್ರು ದಿಂಡ್ರು ಅನ್ನಾದಾದ್ರೂ ಐತೇನ್ಲಾ ನಿಂಗೆ?” ಅಂತ ರೇಗಿಸಿದ. ಕೈಯಲ್ಲಿದ್ದ ಸ್ಪ್ಯಾನರನ್ನು ಅವನ ಮೇಲೆ ಎಸೆಯುವಷ್ಟು ಸಿಟ್ಟು ಬಂತು. ನನ್ನ ಸಿಟ್ಟು ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿಗೆಲ್ಲ ಗೊತ್ತಿರುವಂಥದ್ದು. ಆದರೂ ಸ್ಪ್ಯಾನರು ಕೆಳಗಿಟ್ಟು ಎದ್ದು ಬಂದೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ಕಡೆ ಒಂದೊಂದು ಸಣ್ಣ ಆಸ್ಪತ್ರೆ ನಡೆಸುವ ಟ್ರಸ್ಟು ನಮ್ಮದು. ಪೇಟೆಯ ಆಸ್ಪತ್ರೆಯ ಜೀಪಿಗೆ ನಾನು ಡ್ರೈವರು. ಕಬ್ಬಿನ ಸೀಮೆ ನೋಡಿ, ಹಾವು ಕಡಿದವರು ಬರುತ್ತಲೇ ಇರುತ್ತಾರೆ. ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ನು ಒಂದು ಕಡೆ ಇದ್ದರೆ ಇನ್ನೊಂದು ಕಡೆ ಇರುತ್ತಿರಲಿಲ್ಲ. ಎಲ್ಲಿದೆ, ಯಾವ ಡಾಕ್ಟರು ಇವತ್ತು ರಜ, ಯಾವ ಊರಿನ ಕಡೆ ಜ್ವರ ಎದ್ದಿದೆ, ಇದೆಲ್ಲ ಗೊತ್ತಿದ್ದದ್ದು ಪಾಂಡವಪುರದ ನರ್ಸು ಚಿಕ್ಕಬೋರಮ್ಮನಿಗೆ. ನಮ್ಮೆಲ್ಲರಿಗೂ ಅವಳು ಬೋರಕ್ಕ. ದಿನಾ ಸಂಜೆ ಮೂರೂ ಊರಿಗೆ ಫೋನು ಮಾಡುವಳು. ನಮ್ಮ ಕಂಪೌಂಡರು ದ್ಯಾವಯ್ಯ ಈ ಕಡೆಯಿಂದ, ಫೋನೇ ಬೇಡವೇನೋ ಅನ್ನುವಷ್ಟು ಜೋರಾಗಿ ಕೂಗುವನು. ಔಷಧಿಯ ಲೆಕ್ಕ ಆದಮೇಲೆ ಉಪ್ಸಾರಿನ ವಿಚಾರ, ಸೊಸೆಯ ವಿಚಾರ, ನಗು. ಹಾಗೆ ನಡೆಯುತ್ತಿತ್ತು.

ಟ್ರಸ್ಟಿನ ಕಾರ್ಯದರ್ಶಿ ಶಿವಶಂಕರ್ ಸಾಹೇಬರಿಗೆ ಇದು ಸರಿಬರಲಿಲ್ಲ. ತೊಂಬತ್ತೆಂಟರ ಶುರುವಿನಲ್ಲಿ ನಮ್ಮನ್ನೆಲ್ಲ ಮಂಡ್ಯಕ್ಕೆ ಕರೆಸಿ ಬೋರ್ಡಿನ ಮುಂದೆ ಕೂರಿಸಿದರು. “ನಾಳೆ ಬೋರಮ್ಮನವರು ಜ್ವರ ಬಂದು ಮಲಗಿದರೆ ಟ್ರಸ್ಟಿಗೆ ಏನೂ ಗೊತ್ತಿರಲ್ಲ. ಒಬ್ಬರ ತಲೆಯಲ್ಲಿರೋದು ನಾಲ್ಕು ಊರಿಗೂ ಸಿಗಬೇಕು” ಅಂದರು. ಸುಳ್ಳು ಹೇಳಲಿಲ್ಲ ಬಿಡಿ, ಮಾತು ಸರಿಯಾಗಿಯೇ ಇತ್ತು. ನಾಲ್ಕು ಮೂಲೆಗೆ ನಾಲ್ಕು ಊರು ಬರೆದು ನಡುವೆ ಒಂದು ಮೋಡ ಬರೆದರು. ಮಂಡ್ಯದಲ್ಲಿ ಒಂದು ದೊಡ್ಡ ಕಂಪ್ಯೂಟರು, ಎಲ್ಲರೂ ಟೆಲಿಫೋನ್ ತಂತಿಯ ಮೂಲಕ ಅದರೊಳಗೆ ತುಂಬಬೇಕು, ಎಲ್ಲರೂ ಅದರಿಂದ ತೆಗೆಯಬೇಕು. ಆ ಮೋಡದೊಳಗೆ ಏನು ನಡೆಯುತ್ತದೆ ಅನ್ನುವುದು ನಿಮಗೆ ಬೇಡ ಅಂದರು.

“ಮೋಡ ಬರ್ದಿದ್ದೀರಲ್ಲ ಸಾ, ಮಳೆ ಬತ್ತದಾ?” ಅಂದೆ ನಾನು. ಎಲ್ಲರೂ ನಕ್ಕರು. ನನ್ನ ತಂಗಿ ಸಹನ ಮಾತ್ರ ಹಿಂದಿನ ಬೆಂಚಿನಿಂದ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು. ಪೇಟೆಯ ಆಸ್ಪತ್ರೆಗೆ ಕಂಪ್ಯೂಟರಿನವಳು ಅಂತ ಅವಳನ್ನೇ ತೆಗೆದುಕೊಂಡಿದ್ದರು. ಪಿಯುಸಿ ಮುಗಿಸಿ, ಟೈಪಿಂಗ್ ಕಲಿತು, ನಮ್ಮ ವಂಶದಲ್ಲಿ ತಿರುಗುವ ಕುರ್ಚಿಯ ಮೇಲೆ ಕೂತ ಮೊದಲನೆಯವಳು ಅವಳು. ನಮ್ಮಪ್ಪ ಮಂಚಯ್ಯ ಬದುಕಿದ್ದಿದ್ದರೆ ಆ ಕುರ್ಚಿಯನ್ನು ನೋಡುವುದಕ್ಕೇ ದಿನಾ ಬರುತ್ತಿದ್ದ.

ಬೋರಕ್ಕನಿಗೆ ಕಲಿಸಿದವಳೂ ಸಹನಳೇ. ವಾರಕ್ಕೊಮ್ಮೆ ಪಾಂಡವಪುರಕ್ಕೆ ಜೀಪಿನಲ್ಲಿ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಬೋರಕ್ಕ ಒಂದೊಂದು ಅಕ್ಷರವನ್ನೂ ಹೇನು ಕುಕ್ಕಿದ ಹಾಗೆ ಕುಕ್ಕುವಳು. “ಅಯ್ಯೋ ಬುಡವ್ವ, ನಾನೇನು ಈ ವಯಸ್ನಲ್ಲಿ ಕಲೆಕ್ಟ್ರಾಗ್ಬೇಕಾ?” ಅನ್ನುವಳು. ಸಹನ ಬಿಡುತ್ತಿರಲಿಲ್ಲ. “ಅಕ್ಕ, ನಿನ್ ತಲೇಲಿರಾದೆಲ್ಲ ಇದ್ರೊಳಕ್ಕೆ ಬರ್ಬೇಕು. ನೀನ್ ತುಂಬುದ್ರೆ ನಮ್ಮೂರಲ್ಲಿ ಗಂಟೆ ಹೊಡೀತದೆ ಗೊತ್ತಾ?” ಅನ್ನುವಳು.

ಆ ಗಂಟೆಯ ಮೇಲೆ ಅವಳಿಗೆ ಬಲು ಹೆಮ್ಮೆ. ಒಂದು ಊರಿನವರು ತುರ್ತು ಸುದ್ದಿ ತುಂಬಿದರೆ ಉಳಿದ ಮೂರು ಊರಿನ ಮಿಷನ್ನಿನಲ್ಲೂ ಟಿಣ್ ಅಂತ ಶಬ್ದ ಬರುತ್ತಿತ್ತು. “ಆ ಹೊತ್ಗೆ ಮಿಷನ್ ಆರ್ಸಿದ್ರೆ?” ಅಂತ ಒಮ್ಮೆ ಕೇಳಿದ್ದೆ. “ಕಳ್ದೋಗಲ್ಲ ಕಣಣ್ಣ. ಮಂಡ್ಯದಲ್ಲೇ ಕಾಯ್ಕೊಂಡು ಕೂತಿರ್ತದೆ. ನಾವು ಹಾಕಿದ ತಕ್ಷಣ ಗಂಟೆ ಹೊಡ್ದು ಕೊಡ್ತದೆ” ಅಂದಿದ್ದಳು.

ಸುಮ್ಮನೆ ಆಡಿಕೊಳ್ಳುತ್ತಿದ್ದ ನಾನೂ ಬೇಸಿಗೆ ಹೊತ್ತಿಗೆ ಬಾಯಿ ಮುಚ್ಚಿದೆ. ಸಂತೆಬಾಚಹಳ್ಳಿ ಕಡೆಯಿಂದ ಒಬ್ಬ ತಾಯಿ ಹಾವು ಕಡಿದ ಮಗುವನ್ನು ಎತ್ತಿಕೊಂಡು ಓಡಿಬಂದಳು. ನಮ್ಮಲ್ಲಿ ಔಷಧಿ ಇರಲಿಲ್ಲ. ಸಹನ ಪರದೆ ನೋಡಿ ಒಂದೇ ಉಸಿರಿಗೆ “ನಾಗಮಂಗಲ, ಅಣ್ಣ, ಓಡ್ಸು” ಅಂದಳು. ಮಗು ಉಳಿಯಿತು. ಆ ತಾಯಿ ವಾರದ ಮೇಲೆ ಒಂದು ಸೇರು ಅವರೆಕಾಳು ತಂದು ಸಹನಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಅವತ್ತಿನಿಂದ ನಾನು ಬೆಳಿಗ್ಗೆ ಜೀಪಿನ ಸ್ಟೇರಿಂಗಿಗೆ ಕೈಮುಗಿದ ಮೇಲೆ ಒಳಗೆ ಹೋಗಿ ಆ ಡಬ್ಬಕ್ಕೂ ಕೈಮುಗಿಯುತ್ತಿದ್ದೆ.

ಸಾಹೇಬರು ನಾಲ್ಕೂ ಕಡೆ ಫೋನಿನ ಡಯಲಿಗೆ ಬೀಗ ಜಡಿಸಿದರು. ತಂತಿ ಕಂಪ್ಯೂಟರಿಗೆ ಬೇಕು, ಸಾರಿನ ಸಮಾಚಾರಕ್ಕಲ್ಲ ಅಂದರು. ಸಂಜೆಯ ನಗು ನಿಂತುಹೋಯಿತು. ದ್ಯಾವಯ್ಯನಿಗೆ ಗಂಟಲು ಕಟ್ಟಿದಂತಾಗಿತ್ತು, ಪಾಪ.

ಹೋದ ವರ್ಷದ ಆಯುಧಪೂಜೆಯ ಹಿಂದಿನ ಸಂಜೆ ಸಹನ ಕೊನೆಯ ಸಲ ಎಲ್ಲ ನೋಡಿ, ಮಿಷನ್ನು ಆರಿಸಿ, ಹಳೆಯ ಪಂಚೆಯ ಚೂರಿನಿಂದ ಒಂದೊಂದು ಕೀಲಿಯನ್ನೂ ಒರೆಸಿದಳು. ಬೆಳಿಗ್ಗೆ ನಮ್ಮವ್ವ ಮಾದಮ್ಮ ಮಡಿ ಸೀರೆ ಉಟ್ಟು, ಸಿಹಿಪೊಂಗಲು ಹೊತ್ತು, ನಮ್ಮ ಜೊತೆಗೇ ಆಸ್ಪತ್ರೆಗೆ ಬಂದಳು. ಮಗಳ ಕಂಪ್ಯೂಟರಿಗೆ ಪೂಜೆ ಅಂದರೆ ಅವಳು ಬಿಡುತ್ತಾಳೆಯೇ! ಅವಳೇ ಅರಿಶಿಣ ಕುಂಕುಮ ಇಟ್ಟಳು. ಚೆಂಡುಹೂವಿನ ಹಾರ ಪರದೆಯ ಮೇಲಿಂದ ಇಳಿಬಿಟ್ಟಳು. ಕರ್ಪೂರ ಹಚ್ಚಿ ಬೆಳಗಿದಳು.

ನಮ್ಮ ಕಡೆ ಪೂಜೆಗೆ ಇಟ್ಟ ಆಯುಧವನ್ನು ಆ ದಿನ ಮುಟ್ಟುವ ಹಾಗಿಲ್ಲ. ಮಚ್ಚಾಗಲಿ ನೇಗಿಲಾಗಲಿ, ವಿಜಯದಶಮಿಯ ಬೆಳಿಗ್ಗೆ ಎತ್ತಬೇಕು. ಗಾಡಿಗಳು ಮಾತ್ರ ಪೂಜೆಯಾದಮೇಲೆ ನಿಂಬೆಹಣ್ಣಿನ ಮೇಲೆ ಹತ್ತಿಕೊಂಡು ಒಂದು ಸುತ್ತು ಹೋಗಿಬರುತ್ತವೆ. ಸಹನ ಮಂಗಳಾರತಿ ತೆಗೆದುಕೊಂಡು, ಹೂವಿನ ನಡುವೆ ಬೆರಳು ತೂರಿಸಿ ಗುಂಡಿಯ ಹತ್ತಿರ ಕೈ ಇಟ್ಟಳು.

“ಅವ್ವ, ಒಂದೇ ಒಂದ್ ಸಲ ಹಾಕಿ ನೋಡ್ಬುಡ್ತೀನಿ. ಯಾರೇನ್ ಕಳ್ಸವ್ರೋ ಏನೋ.”

“ಥೂ, ಬುಡ್ತು ಅನ್ನು!” ಅವ್ವ ಅವಳ ಕೈ ಹಿಡಿದು ಪಕ್ಕಕ್ಕೆ ತಂದಳು. “ಕುಂಕ್ಮ ಇಟ್ಟುದ್ದ ಯಾರಾರ ಮುಟ್ತಾರಾ? ಅದುಕ್ಕೂ ಒಂದಿನ ವಸಿ ಉಸ್ರು ಬುಡಕ್ಕೆ ಬುಡು. ನಾಳೀಕ್ ನೋಡೀವಂತೆ.”

ಸಹನ ನಕ್ಕು ಕೈ ಹಿಂದೆ ತೆಗೆದುಕೊಂಡಳು. ನಾನೂ ನಕ್ಕೆ. ದ್ಯಾವಯ್ಯ ಪೊಂಗಲಿಗೆ ಎಲೆ ಹಿಡಿದುಕೊಂಡು ನಿಂತಿದ್ದ.

ಆಮೇಲೆ ಅವಳು ಹೊರಗೆ ಬಂದು ನನ್ನ ಜೀಪನ್ನು ನೋಡಿ ಸೊಂಟದ ಮೇಲೆ ಕೈ ಇಟ್ಟಳು. “ಏನಣ್ಣ ಇದು, ಒಂದು ಬಾಳೆಕಂದಿಲ್ಲ ಏನಿಲ್ಲ, ಬೋಳುಬೋಳಾಗದೆ. ನಾಕ್ ಹೂವ ಮಡಗ್ಬುಟ್ರೆ ಆಯ್ತಾ?” ಅಂದಳು. ಆಸ್ಪತ್ರೆಯ ಹಿಂದೆ ನಾಲ್ಕು ಬುಡ ಬಾಳೆ ಇತ್ತು. ಪೂಜೆಗೆ ಇಟ್ಟಿರದ ಒಂದು ಹಳೇ ಕುಡುಗೋಲು ತೆಗೆದುಕೊಂಡು ಅವಳೇ ಹೋದಳು. ಎರಡು ಕಂದು ಕತ್ತರಿಸಿದ್ದಾಳೆ. ಮೂರನೆಯದಕ್ಕೆ ಕಾಲಿಟ್ಟಾಗ ಒಣಗಿದ ಎಲೆಯ ಕೆಳಗಿದ್ದ ನಾಗರಹಾವು ಹಿಮ್ಮಡಿಯ ಮೇಲೆ ಕಡಿಯಿತು.

ಅವಳು ಕೂಗಿದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಅವ್ವಾ ಅನ್ನಲಿಲ್ಲ, ಅಣ್ಣಾ ಅಂದಳು.

ದ್ಯಾವಯ್ಯ ಕಾಲಿಗೆ ಪಟ್ಟಿ ಸುತ್ತಿ ಅಲ್ಲಾಡಿಸಬೇಡ ಅಂದ. ನಮ್ಮಲ್ಲಿ ಇಂಜೆಕ್ಷನ್ನು ಮುಗಿದು ವಾರವಾಗಿತ್ತು. ಆ ಮಳೆಗಾಲ ಎಲ್ಲ ಕಡೆಯೂ ಅದಕ್ಕೆ ಬರ, ಪೇಟೆಯಲ್ಲಿ ಎಲ್ಲಿ ಕೇಳಿದರೂ ಇರಲಿಲ್ಲ. ನಾಗಮಂಗಲಕ್ಕೋ ಪಾಂಡವಪುರಕ್ಕೋ? ಕೇಳೋಣ ಅಂದರೆ ಫೋನಿನ ಡಯಲಿಗೆ ಬೀಗ. ಎರಡೂ ಹೆಚ್ಚುಕಡಿಮೆ ಒಂದೇ ದೂರ, ಆದರೆ ಒಂದು ಈ ದಿಕ್ಕು, ಇನ್ನೊಂದು ಆ ದಿಕ್ಕು. ನಾನು ಸಹನಳ ಮುಖ ನೋಡಿದೆ. ಯಾವತ್ತೂ ಹೇಳುವವಳು ಅವಳೇ ತಾನೇ?

“ಪಾಂಡುಪುರ, ಅಣ್ಣ. ನಿನ್ನೆ ಸಂಜೇಲಿ ನಾನೇ ನೋಡಿವ್ನಿ, ಎಂಟು ಅವೆ. ಬೋರಕ್ಕನೂ ಅವ್ಳೆ. ಯಾಕಿಂಗೆ ನಡುಗ್ತೀಯ, ಏನಾಗಲ್ಲ ಬುಡು” ಅಂದಳು. ನನಗೆ ಧೈರ್ಯ ಹೇಳುತ್ತಿದ್ದಾಳೆ!

ಅವ್ವ ಹಿಂದಿನ ಸೀಟಿನಲ್ಲಿ ಅವಳನ್ನು ಎದೆಗೆ ಒರಗಿಸಿಕೊಂಡು ಕೂತಳು. ಚಕ್ರದ ಕೆಳಗೆ ಇಟ್ಟಿದ್ದ ನಿಂಬೆಹಣ್ಣು ಪಚಕ್ ಅಂದವು. ದಾರಿಯುದ್ದಕ್ಕೂ ಹಬ್ಬ. ಒಂದೊಂದು ಊರಿನಲ್ಲೂ ಟ್ರಾಕ್ಟರುಗಳನ್ನು ರಸ್ತೆಗೇ ತಂದು ನಿಲ್ಲಿಸಿ, ಬೂದುಗುಂಬಳ ಒಡೆದು ಪೂಜೆ ಮಾಡುತ್ತಿದ್ದಾರೆ. ನಾನು ಹಾರ್ನು ಒತ್ತಿ ಹಿಡಿದುಕೊಂಡು ನುಗ್ಗುತ್ತಿದ್ದೇನೆ. ಜೀಪಿನ ಮುಂದೆ ಹೂವು ನೋಡಿ ಇವನೂ ಹಬ್ಬದ ಖುಷಿಯಲ್ಲಿದ್ದಾನೆ ಅಂದುಕೊಂಡು ಹುಡುಗರು ಕೈ ಬೀಸಿ ಕೇಕೆ ಹಾಕುತ್ತಿದ್ದರು. ಒಬ್ಬ ನಿಲ್ಲಿಸಿ ಕಡ್ಲೆಪುರಿ ಕೊಡುವುದಕ್ಕೆ ಬಂದ. ಅವನ ತಾಯಿ ಅಕ್ಕ ಎಲ್ಲರನ್ನೂ ಸೇರಿಸಿ ಬೈದೆ.

ಚಿನಕುರಳಿ ದಾಟಿದಾಗ ಸಹನಳ ರೆಪ್ಪೆ ಜಗ್ಗತೊಡಗಿತು. ಅವ್ವ ಬೆರಳಿನಿಂದ ರೆಪ್ಪೆ ಎತ್ತಿ ಹಿಡಿದಿದ್ದಳು.

“ಅಣ್ಣ, ಎಲ್ಡೆಲ್ಡು ಕಾಣ್ತಾವೆ. ರೋಡು ಎಲ್ಡಾಗದೆ.”

“ಯಾವುದ್ರಲ್ಲಿ ಓದ್ರೂ ಬೋರಕ್ಕನ ತಾವುಕ್ಕೇ ಓಯ್ತದೆ, ಸುಮ್ನೆ ಕೂತ್ಕಳವ್ವ” ಅಂದೆ. ಅವಳು ನಕ್ಕಳು. ಆ ನಗು ಪೂರ್ತಿ ತುಟಿಗೆ ಬರಲಿಲ್ಲ.

ಪಾಂಡವಪುರದ ಆಸ್ಪತ್ರೆಯ ಬಾಗಿಲಿಗೇ ಜೀಪು ನುಗ್ಗಿಸಿದೆ. ಬೋರಕ್ಕ ಓಡಿಬಂದಳು. ಸಹನಳನ್ನು ನೋಡಿದ್ದೇ ಅವಳ ಮುಖ ಬಿಳುಚಿಕೊಂಡಿತು. “ಇತ್ಲಾಗ್ ಯಾಕ್ ಬಂದ್ರೋ? ಗೊತ್ತಿರ್ಲಿಲ್ವಾ ನಿಮ್ಗೆ?” ಅಂದಳು. ನನಗೆ ಅರ್ಥವಾಗಲಿಲ್ಲ. ಡಾಕ್ಟರು ಹೊರಗೆ ಬಂದು ಹೇಳಿದರು: ಹೊತ್ತು ಹುಟ್ಟುವ ಮುಂಚೆ ಹಾವು ಕಡಿದ ತಾಯಿ ಮಗ ಇಬ್ಬರು ಬಂದರು, ಇದ್ದದ್ದೆಲ್ಲ ಅವರಿಗೆ ಹೋಯಿತು, ಶ್ರೀರಂಗಪಟ್ಟಣದಲ್ಲೂ ಇಲ್ಲ, ನಾಗಮಂಗಲ ಇಲ್ಲಿಂದ ದೂರ, ಈಗ ಮೈಸೂರೇ ಗತಿ.

ಅವ್ವ ಜೀಪಿನಿಂದ ಇಳಿದು ಡಾಕ್ಟರ ಕಾಲು ಹಿಡಿದುಕೊಂಡಳು. ನಾನು ಅವಳನ್ನು ಬಿಡಿಸುವುದಕ್ಕೆ ಹೋದೆ. ಅಷ್ಟರಲ್ಲಿ ಬೋರಕ್ಕ ಜೀಪಿನೊಳಗೆ ಬಗ್ಗಿ ಸಹನಳ ತಲೆ ಹಿಡಿದುಕೊಂಡಿದ್ದಳು. ಸಹನಳ ತುಟಿ ಅಲ್ಲಾಡಿದ್ದು ಕಂಡಿತು. ಬೋರಕ್ಕ ಅವಳ ಬಾಯಿಗೆ ಕಿವಿ ತಂದು ಕೇಳಿಸಿಕೊಂಡಳು. ಮತ್ತೆ ತಲೆ ಎತ್ತಿ ಅವ್ವನ ಕಡೆ ನೋಡಿದಳು.

ಅವ್ವ ಎದ್ದು ಬಂದು ಬೋರಕ್ಕನ ಮುಂದೆ ನಿಂತಳು. “ಬೆಳಿಗ್ಗೇನೇ ಮುಗ್ದೋಗಿದ್ರೆ ಒಂದು ಮಾತು ತಿಳುಸ್ಬಾರ್ದಾಗಿತ್ತಾ? ಅದ್ಯಾಕ್ ಮಡಗಿದ್ದೀರಿ ಆ ಮಿಷನ್ನ?”

ಬೋರಕ್ಕ ನೆಲ ನೋಡಿದಳು. “ಮರ್ತ್ಬುಟ್ಟೆ ಕಣವ್ವ” ಅಂದಳು.

ಮರೆತಳಂತೆ! ಅವಳ ಕೆನ್ನೆಗೆ ಹೊಡೆಯದೆ ಬಂದದ್ದೇ ದೊಡ್ಡದು. ಗಾಡಿ ತಿರುಗಿಸಿದೆ. ಬೋರಕ್ಕ ಏನೂ ಕೇಳದೆ ಹಿಂದೆ ಹತ್ತಿ ಕೂತು ಸಹನಳ ಬಾಯಿಗೆ ಉಸಿರು ತುಂಬುವ ರಬ್ಬರ್ ಚೀಲ ಹಿಡಿದು ಒತ್ತುತ್ತಾ ಬಂದಳು. ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಸೇತುವೆ ಮೇಲೆ ಇದ್ದಾಗ ಒತ್ತುವುದು ನಿಂತಿತು. ಅವ್ವ ಕರೆದಳು. ಸಹನಾ, ಮಗಾ, ನನ್ನವ್ವಾ, ಅಂತ ಎಷ್ಟೋ ಹೆಸರಿನಿಂದ ಕರೆದಳು. ನಾನು ನಿಲ್ಲಿಸಲಿಲ್ಲ. ಹಿಂದಕ್ಕೆ ತಿರುಗಿಯೂ ನೋಡಲಿಲ್ಲ. ಮೈಸೂರಿನ ತನಕ ಹಾರ್ನು ಒತ್ತಿಕೊಂಡೇ ಹೋದೆ.

ವಿಜಯದಶಮಿಯ ದಿನ ಅವಳನ್ನು ನಮ್ಮ ಹೊಲದಲ್ಲಿ ಅಪ್ಪನ ಪಕ್ಕ ಮಣ್ಣು ಮಾಡಿದೆವು. ಮನೆಯಲ್ಲಿ ಅವ್ವ ಅಳುವುದು, ಅಳು ನಿಂತಾಗ ಬೋರಕ್ಕನಿಗೆ ಶಾಪ ಹಾಕುವುದು. ನಾನೂ ಅವಳ ಜೊತೆ ಸೇರಿ ಹಾಕಿದೆ. ಹಬ್ಬ ಅಂತ ಮಿಷನ್ನು ಮುಟ್ಟದೆ ಒಬ್ಬಟ್ಟು ತಟ್ಟಿಕೊಂಡು ಕೂತಿದ್ದಾಳೆ, ಅವಳ ಕೈ ಸೇದಿಹೋಗ ಅಂದೆ.

ಮಾರನೆಯ ದಿನ ಸಹನಳ ಚಪ್ಪಲಿ, ಊಟದ ಡಬ್ಬಿ, ಕುರ್ಚಿಯ ಬೆನ್ನಿಗೆ ನೇತುಹಾಕಿದ್ದ ಸ್ವೆಟರು ತರಲು ಆಸ್ಪತ್ರೆಗೆ ಹೋದೆ. ಹಾರ ಬಾಡಿ ಪರದೆಗೆ ಅಂಟಿಕೊಂಡಿತ್ತು. ಕುಂಕುಮ ಹಾಗೇ ಇತ್ತು. ಕಂಪ್ಯೂಟರು ಹಾಕಿ ಅಂತ ಸಾಹೇಬರು ಹೇಳಿಕಳಿಸಿದ್ದರಂತೆ. ದ್ಯಾವಯ್ಯ ಕಣ್ಣೊರೆಸಿಕೊಂಡು ಹಾರ ತೆಗೆದು, ಅವಳು ಕಲಿಸಿದ ಹಾಗೆ ಗುಂಡಿ ಒತ್ತಿದ. ತಂತಿ ಕೂಗಿಕೊಂಡಿತು, ಕಿರುಗುಟ್ಟಿತು. ನಾನು ಸ್ವೆಟರು ಮಡಿಸುತ್ತಿದ್ದೆ.

ಟಿಣ್ ಅಂತ ಗಂಟೆ ಹೊಡೆಯಿತು.

ದ್ಯಾವಯ್ಯ ಕನ್ನಡಕ ಸರಿಮಾಡಿಕೊಂಡು ಎಂದಿನಂತೆ ಜೋರಾಗಿ ಓದುವುದಕ್ಕೆ ಶುರುಮಾಡಿದ. “ಪಾಂಡವಪುರ. ಆಯುಧಪೂಜೆ, ಬೆಳಿಗ್ಗೆ ಏಳು ಗಂಟೆ. ಹಾವಿನ ಇಂಜೆಕ್ಷನ್ ಇಲ್ಲಿ ಪೂರ್ತಿ ಮುಗಿದಿದೆ. ಯಾರನ್ನೂ ಈ ಕಡೆ ಕಳಿಸಬೇಡಿ. ನಾಗಮಂಗಲಕ್ಕೆ ರಾತ್ರಿ ಬೇಕಾದಷ್ಟು ಬಂದಿದೆ, ಅಲ್ಲಿಗೆ ಕಳಿಸಿ.” ಅವನ ದನಿ ಇಳಿಯುತ್ತಾ ಬಂತು. ಕೊನೆಯ ಸಾಲನ್ನು ಪಿಸುಮಾತಿನಲ್ಲಿ ಓದಿದ. “ಸಹನ ಮಗಳೇ, ಹಬ್ಬದ ದಿನ ಮಿಷನ್ ಮುಟ್ಟಿದೆ ಅಂತ ಬೈಬೇಡ. ನಿನಗೆ ಒಬ್ಬಟ್ಟು ತೆಗೆದಿಟ್ಟಿದ್ದೀನಿ. ಬೋರಕ್ಕ.”

ನಾವು ಮಂಗಳಾರತಿ ಮಾಡುವ ಹೊತ್ತಿಗಾಗಲೇ ಅದು ಮಂಡ್ಯಕ್ಕೆ ಬಂದು ಕೂತಿತ್ತು. ಅವಳ ಬೆರಳು ಗುಂಡಿಯ ಹತ್ತಿರ ಇದ್ದಾಗಲೂ ಕಾಯುತ್ತಲೇ ಇತ್ತು. ಸಾಹೇಬರು ಬರೆದ ಮೋಡದಲ್ಲಿ ನನ್ನ ತಂಗಿಯ ಜೀವ ಇತ್ತು, ಒಂದು ಸಲ ಗುಂಡಿ ಒತ್ತಿದ್ದರೆ ಸಿಗುತ್ತಿತ್ತು. ನಾನು ಆ ತಿರುಗುವ ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿ ಪರದೆಯ ಮೇಲೆ ಹಾಕುವುದಕ್ಕೆ ಹೋದೆ. ದ್ಯಾವಯ್ಯ ನನ್ನನ್ನು ತಬ್ಬಿ ಹಿಡಿದ.

“ಬ್ಯಾಡ ಕಣ್ಲಾ, ಬ್ಯಾಡ. ಅದರದ್ದೇನ್ಲಾ ತಪ್ಪು? ಅದು ಏಳ್ತಲ್ಲೋ.”

ಕುರ್ಚಿ ಕೆಳಗಿಟ್ಟು ಅದರ ಮೇಲೇ ಕೂತು ಅತ್ತೆ. ಅತ್ತು ಮುಗಿದ ಮೇಲೆ ಒಂದೇ ಒಂದು ತಲೆಯಲ್ಲಿ ಉಳಿಯಿತು. ಬೋರಕ್ಕ ಕಳಿಸಿದ್ದಳು. ಮತ್ತೆ ಮರೆತೆ ಅಂತ ಯಾಕೆ ಅಂದಳು?

ಹನ್ನೊಂದನೆಯ ದಿನದ ತಿಥಿಗೆ ಬೋರಕ್ಕ ಬಂದಳು. ಕೈಯಲ್ಲಿ ಬಾಳೆಹಣ್ಣು, ಒಂದು ಮೊಳ ಹೂವು. ಎಡೆ ಇಡುವ ಜಾಗದವರೆಗೂ ಅವ್ವ ಬಿಡಲಿಲ್ಲ. ಊರವರ ಎದುರಿಗೇ ಹಿಡಿದು ನಿಲ್ಲಿಸಿದಳು.

“ಯಾವ ಮೊಕ ಇಟ್ಕಂಡ್ ಬಂದೆ, ಮನೆಹಾಳಿ? ನನ್ ಮಗೀನ ನುಂಗಿ ನೀರ್ ಕುಡ್ದು ಈಗ ಹೂವ ತಂದಿದ್ದೀಯಾ? ಅಕ್ಕ ಅಕ್ಕ ಅಂತ ಸಾಯ್ತಿತ್ತಲ್ಲೇ ನಿಂಗೆ! ಒಂದು ಮಾತು, ಒಂದೇ ಒಂದು ಮಾತು ತಿಳ್ಸಕ್ಕೆ ನಿಂಗೇನ್ ರೋಗ ಬಂದಿತ್ತು?”

ನನ್ನ ಬಾಯಿಗೆ ಬಂದಿತ್ತು. ಅವ್ವ, ಅವಳು ಕಳಿಸಿದ್ದಳು ಅನ್ನುವುದು ನಾಲಿಗೆಯ ತುದಿಗೇ ಬಂದಿತ್ತು. ಬೋರಕ್ಕ ನನ್ನ ಕಡೆ ನೋಡಿದಳು. ನನಗೆ ಗೊತ್ತಾಗಿದೆ ಅನ್ನುವುದು ನನ್ನ ಮುಖದಲ್ಲೇ ಅವಳಿಗೆ ಕಂಡಿತು. ಬೇಡ ಅಂತ ತಲೆ ಅಲ್ಲಾಡಿಸಿದಳು. ಆಮೇಲೆ ಅವ್ವನ ಮುಂದೆ ಸೆರಗು ಒಡ್ಡಿ, “ತಪ್ಪಾಯ್ತು ಕಣವ್ವ. ಮರ್ತ್ಬುಟ್ಟೆ. ನನ್ನ ಹೊಟ್ಟೆಗಾಕ್ಕೊ” ಅಂದಳು. ಅವ್ವ ಹೂವನ್ನು ಕಿತ್ತುಕೊಂಡು ಬೀದಿಗೆ ಎಸೆದಳು.

ಪೇಟೆಯ ಬಸ್‌ಸ್ಟ್ಯಾಂಡಿನವರೆಗೂ ಬೋರಕ್ಕನ ಜೊತೆ ನಡೆದೆ. ಪಾಂಡವಪುರದ ಬಸ್ಸು ಬಂದು ನಿಂತಾಗ ತಡೆಯಲಾಗದೆ ಕೇಳಿಬಿಟ್ಟೆ.

“ಊರ್ ಮುಂದೆ ಇಂಗ್ ಉಗುಸ್ಕೊಂಡೆಯಲ್ಲಕ್ಕ. ನೀನು ಕಳ್ಸಿದ್ದೆ ಅಂತ ಒಂದು ಮಾತು ಯಾಕ್ ಅನ್ಲಿಲ್ಲ?”

“ಅವತ್ತು ಜೀಪ್ನಲ್ಲಿ ಮಗ ನನ್ ಕಿವೀಲಿ ಏಳ್ತು ಕಣಪ್ಪ. ನಾಲ್ಗೆ ತಿರುಗ್ತಿರ್ಲಿಲ್ಲ, ಆದ್ರೂ ಏಳ್ತು. ‘ಅಕ್ಕ, ನೀನು ಕಳ್ಸಿರ್ತೀಯ ಅಂತ ನಂಗೊತ್ತು. ಹಾಕ್ಬ್ಯಾಡ ಅಂದಿದ್ದು ಅವ್ವ. ಅವ್ವಂಗೆ ಗೊತ್ತಾಗ್ಬಾರ್ದು’ ಅಂತು.” ಬೋರಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ನಿಮ್ಮವ್ವ ನನ್ನ ಬೈಕೊಂಡಾದ್ರೂ ಬದುಕ್ಲಿ ಬುಡು. ಅವ್ಳು ಅವ್ಳನ್ನೇ ಬೈಕೊಳಂಗಾದ್ರೆ ಎಲ್ಡ್ ದಿನ ಉಳಿಯಲ್ಲ.”

ಕಂಡಕ್ಟರು ಸೀಟಿ ಊದಿದ. ಬೋರಕ್ಕ ಹತ್ತಿ ಕಿಟಕಿಯ ಪಕ್ಕ ಕೂತಳು. ನಾನು ಕೈಮುಗಿದೆ. ಸಿಟ್ಟಿನ ರಂಗಸ್ವಾಮಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಅಳುವುದನ್ನು ಅವತ್ತು ಪೇಟೆಯೆಲ್ಲ ನೋಡಿತು.

ಮನೆಗೆ ಬಂದಾಗ ಅವ್ವ ಸಹನಳ ಸ್ವೆಟರನ್ನು ಮಡಿಲಲ್ಲಿ ಇಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದಳು.

“ಹೋದ್ಲಾ ಆ ಮನೆಹಾಳಿ?”

“ಹೋದ್ಲು ಕಣವ್ವ.”

“ಅವ್ಳೊಂದು ಮಾತು ತಿಳ್ಸಿದ್ರೆ ನನ್ ಮಗಳು ಉಳೀತಿದ್ಲು. 
ಅಲ್ವೇನ್ಲಾ?”

ನಾನು ಅವಳ ಪಕ್ಕ ಕೂತೆ. ಸ್ವೆಟರಿನ ಒಂದು ತೋಳು ನನ್ನ ಕಡೆಗೆ ಜಾರಿತ್ತು, ಅದನ್ನು ಹಿಡಿದುಕೊಂಡೆ.

“ಊ ಕಣವ್ವ” ಅಂದೆ. “ತಿಳ್ಸಿದ್ರೆ ಉಳೀತಿದ್ಲು.”